ಕೆಂಪಗೆ ಉರಿದರೆ ಸಾಲದು



ಕಳೆದ ದೀಪಾವಳಿಗೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ಮರೋಳಕ್ಕೆ ಬಂದಿದ್ದ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಹತ್ತಿಯಲ್ಲಿ ಸುತ್ತಿದ ನಾಲ್ಕು ಹಳೆಯ ರೇಡಿಯೋ ವಾಲ್ವುಗಳು. ನಾಲ್ಕೂ ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಇಸಿಸಿ82 ಮಾದರಿಯವು. ಧ್ವನಿವರ್ಧಕವೊಂದನ್ನು ತಾನೇ ಕಟ್ಟುವ ಹವ್ಯಾಸ ಅವನಿಗೆ ಹೊಸದಾಗಿ ಅಂಟಿಕೊಂಡಿದೆ. ಪೆಟ್ಟಿಗೆಯ ಮೇಲೆ ‘ಪರೀಕ್ಷಿಸಲಾಗಿದೆ, ಉತ್ತಮ’ ಎಂಬ ಚೀಟಿ ಅಂಟಿಸಿತ್ತು. ನಾನು ಕೇಳಿದೆ: “ಉತ್ತಮ ಅಂದರ ಎಷ್ಟು? ಒಂದು ವೋಲ್ಟಿಗೆ ಎಷ್ಟು ಮಿಲಿಆಂಪಿಯರ್?” ಅವನು ನಕ್ಕುಬಿಟ್ಟ. “ಮಾಮಾ, ನೀವು ಇನ್ನೂ ಮಾಸ್ತರಿಕೆ ಬಿಟ್ಟಿಲ್ಲ ನೋಡ್ರಿ. ಹಚ್ಚಿದ್ರ ನಾಲ್ಕೂ ಕೆಂಪಗ ಉರೀತಾವ. ಇನ್ನೇನು ಬೇಕು?”

ಈ ಲೇಖನ ಆ ಪ್ರಶ್ನೆಗೆ ಉತ್ತರ. ಉತ್ತರ ಅವನೊಬ್ಬನಿಗೆ ಮಾತ್ರ ಎಂದು ಯಾರೂ ತಿಳಿಯಬಾರದು. ‘ಉರಿಯುತ್ತಿದೆ, ಆದ್ದರಿಂದ ಸರಿಯಿದೆ’ ಎಂಬ ಈ ತರ್ಕವನ್ನು ನಾನು ರೇಡಿಯೋ ರಿಪೇರಿಯ ಮೇಜಿನ ಮೇಲೆಯೂ ಕಂಡಿದ್ದೇನೆ, ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಕಂಡಿದ್ದೇನೆ, ನಾನೇ ಮೂರು ದಶಕಗಳ ಕಾಲ ಪಾಠ ಹೇಳಿದ ತರಗತಿಯಲ್ಲಿಯೂ ಕಂಡಿದ್ದೇನೆ. ಅದನ್ನು ವಿರೋಧಿಸಬೇಕಾದ ನಾನೇ ಅದಕ್ಕೆ ಮಣಿದ ದಿನಗಳೂ ಇವೆ. ಅದನ್ನೂ ಮುಂದೆ ಹೇಳುತ್ತೇನೆ.

ನನ್ನ ವಾದ ಇಷ್ಟು: ಒಂದು ವಾಲ್ವು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅದರ ಪರಸ್ಪರ ವಾಹಕತೆಯನ್ನು ಅಳೆಯದೆ ಹೇಳಲಾಗದು. ಆ ಅಳತೆಯ ಸರ್ಕೀಟನ್ನು ಹಳ್ಳಿಯ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನೊಬ್ಬ ತಾನೇ ಕಟ್ಟಬಲ್ಲ. ಹೀಗಿದ್ದೂ ಅಳೆಯದೆ ‘ಉತ್ತಮ’ ಎಂದು ಚೀಟಿ ಅಂಟಿಸುವವನು, ಅಳೆಯದೆ ಉತ್ತರ ಬರೆಯಿಸುವ ಮಾಸ್ತರ, ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ.

ಮೊದಲು ವಾಲ್ವ್ ಎಂಬ ಹೆಸರನ್ನೇ ನೋಡಿರಿ. ಇಂಗ್ಲಿಷರು ಈ ಗಾಜಿನ ನಳಿಕೆಗೆ ನೀರಿನ ಕೊಳವೆಯ ವಾಲ್ವಿನ ಹೆಸರನ್ನೇ ಇಟ್ಟರು. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಸುಮಾರು 24,000 ಹೆಕ್ಟೇರ್ ಭೂಮಿಗೆ ಹನಿಯಾಗಿ ಉಣಿಸಬೇಕೆಂದು ರೂಪಿಸಿದ ರಾಮಥಾಳ ಏತ ನೀರಾವರಿ ಯೋಜನೆಗೆ ನಮ್ಮ ಮರೋಳದ ಹೆಸರೂ ಸೇರಿಕೊಂಡಿದೆ. ಹೊಲದ ಮೂಲೆಯಲ್ಲಿರುವ ವಾಲ್ವನ್ನು ರೈತನು ಹೇಗೆ ಪರೀಕ್ಷಿಸುತ್ತಾನೆ? ಪೂರ್ತಿ ತೆರೆದಾಗ ನೀರು ಧುಮುಕಿದರೆ ಕೊಳವೆಯಲ್ಲಿ ನೀರಿದೆ ಎಂಬುದಷ್ಟೇ ತಿಳಿಯಿತು. ವಾಲ್ವು ಸರಿಯಿದೆಯೇ ಎಂದು ತಿಳಿಯಬೇಕಾದರೆ ಹಿಡಿಕೆಯನ್ನು ಒಂದು ಸುತ್ತು ತಿರುವಿ ನೀರು ಎಷ್ಟು ಕಡಿಮೆಯಾಯಿತು ಎಂದು ನೋಡಬೇಕು. ಹಿಡಿಕೆ ತಿರುಗುತ್ತದೆ, ನೀರು ಮಾತ್ರ ಮೊದಲಿನಂತೆಯೇ ಹರಿಯುತ್ತದೆ ಎಂದಾದರೆ ಆ ವಾಲ್ವು ಕೆಟ್ಟಿದೆ, ನೀರು ಎಷ್ಟೇ ಜೋರಾಗಿ ಬರಲಿ.

ರೇಡಿಯೋ ವಾಲ್ವಿನ ಕಥೆಯೂ ಇದೇ. ಕಾಯಿಸಿದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳು ಹೊರಟು, ನಿರ್ವಾತವನ್ನು ದಾಟಿ, ಧನ ವೋಲ್ಟೇಜಿನಲ್ಲಿರುವ ಆನೋಡನ್ನು ಸೇರುತ್ತವೆ. ನಡುವೆ ತಂತಿಯ ಜಾಲರಿಯೊಂದಿದೆ, ಅದು ಗ್ರಿಡ್. 1906ರಲ್ಲಿ ಲೀ ಡಿ ಫಾರೆಸ್ಟ್ ಈ ಮೂರನೆಯ ವಿದ್ಯುದ್ವಾರವನ್ನು ಸೇರಿಸಿದ ಮೇಲೆಯೇ ಈ ನಳಿಕೆ ಧ್ವನಿಯನ್ನು ವರ್ಧಿಸುವ ಸಾಧನವಾಯಿತು. ಗ್ರಿಡ್ಡಿನ ಋಣ ವೋಲ್ಟೇಜನ್ನು ಸ್ವಲ್ಪ ಬದಲಿಸಿದರೆ ಆನೋಡಿನ ವಿದ್ಯುತ್ ಪ್ರವಾಹ ಎಷ್ಟು ಬದಲಾಗುತ್ತದೆ? ಆನೋಡಿನ ವೋಲ್ಟೇಜನ್ನು ಸ್ಥಿರವಾಗಿಟ್ಟು ಕಂಡುಹಿಡಿದ ಆ ಪ್ರಮಾಣವೇ ಪರಸ್ಪರ ವಾಹಕತೆ. ಒಂದು ವೋಲ್ಟಿಗೆ ಇಷ್ಟು ಮಿಲಿಆಂಪಿಯರ್ ಎಂದು ಅದನ್ನು ಹೇಳುವುದು ರೂಢಿ. ವಾಹಕತೆಯೆಂದರೆ ರೋಧದ ವಿಲೋಮವಾದ್ದರಿಂದ ಹಿಂದಿನವರು ಓಮ್ ಎಂಬ ಪದವನ್ನೇ ಇಂಗ್ಲಿಷಿನಲ್ಲಿ ಹಿಂದುಮುಂದಾಗಿಸಿ ‘ಮ್ಹೋ’ ಎಂಬ ಮಾನವನ್ನು ಮಾಡಿಕೊಂಡಿದ್ದರು. 1971ರಲ್ಲಿ ಅದಕ್ಕೆ ಸೀಮನ್ಸ್ ಎಂಬ ಹೆಸರು ಅಧಿಕೃತವಾಯಿತು. ತರಗತಿಯಲ್ಲಿ ಮಕ್ಕಳು ನಗುತ್ತಿದ್ದುದು ಹಳೆಯ ಹೆಸರಿಗೆ.

ಪ್ರತಿ ಮಾದರಿಗೂ ತಯಾರಕರು ಕೊಟ್ಟ ಅಂಕಿಗಳಿವೆ. ಇಸಿಸಿ82ರ ಒಂದು ಟ್ರಯೋಡಿಗೆ ಆನೋಡಿನಲ್ಲಿ 250 ವೋಲ್ಟ್, ಗ್ರಿಡ್ಡಿನಲ್ಲಿ ಋಣ 8.5 ವೋಲ್ಟ್ ಕೊಟ್ಟರೆ 10.5 ಮಿಲಿಆಂಪಿಯರ್ ಹರಿಯಬೇಕು. ಪರಸ್ಪರ ವಾಹಕತೆ ವೋಲ್ಟಿಗೆ 2.2 ಮಿಲಿಆಂಪಿಯರ್ ಇರಬೇಕು. ಇಸಿಸಿ83ಕ್ಕೆ ಅದೇ 250 ವೋಲ್ಟಿನಲ್ಲಿ, ಋಣ 2 ವೋಲ್ಟಿಗೆ, 1.2 ಮಿಲಿಆಂಪಿಯರ್ ಮತ್ತು 1.6. ಧ್ವನಿಪೆಟ್ಟಿಗೆಯನ್ನು ನುಡಿಸುವ ಇಎಲ್84 ವಾಲ್ವಿಗೆ ಋಣ 7.3 ವೋಲ್ಟಿನಲ್ಲಿ 48 ಮಿಲಿಆಂಪಿಯರ್ ಮತ್ತು 11.3. ಇವು ಯಾವ ಗುಟ್ಟೂ ಅಲ್ಲ. ಅಂಕಿ ಎಲ್ಲರಿಗೂ ಸಿಗುವಂತಿರುವಾಗ ‘ಉತ್ತಮ’ ಎಂಬ ಮಾತಿನ ಹಿಂದೆ ಅಡಗಿಕೊಳ್ಳುವ ಅಗತ್ಯ ಯಾರಿಗೇಕೆ ಬರಬೇಕು?

ಕೆಂಪಗೆ ಉರಿಯುವುದು ಏನನ್ನು ಹೇಳುತ್ತದೆ? ಒಳಗಿನ ಹೀಟರ್ ತಂತಿ ಹರಿದಿಲ್ಲ ಎಂಬುದನ್ನು. ಅಷ್ಟೇ. ಕ್ಯಾಥೋಡಿಗೆ ಲೇಪಿಸಿದ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಶಕ್ತಿ ಕುಂದಿ ಇಲೆಕ್ಟ್ರಾನು ಹೊರಡದಿದ್ದರೂ ಹೀಟರ್ ಕೆಂಪಗೇ ಇರುತ್ತದೆ. ಸತ್ತವನ ಮನೆಯಲ್ಲಿಯೂ ದೀಪ ಉರಿಯುತ್ತದೆ.

ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ‘ಎಮಿಶನ್ ಟೆಸ್ಟರ್’ ಎಂಬ ಪೆಟ್ಟಿಗೆಯನ್ನು ತೋರಿಸುತ್ತಾರೆ. ಅದು ಗ್ರಿಡ್ಡನ್ನೂ ಆನೋಡನ್ನೂ ಒಟ್ಟಿಗೆ ಕಟ್ಟಿ, ವಾಲ್ವನ್ನು ಬರಿಯ ಡಯೋಡಾಗಿಸಿ, ಒಟ್ಟು ಎಷ್ಟು ಪ್ರವಾಹ ಬರುತ್ತದೆಂದು ಮುಳ್ಳಿನಿಂದ ತೋರಿಸುತ್ತದೆ. ಹೀಟರನ್ನಷ್ಟೇ ನೋಡುವುದಕ್ಕಿಂತ ಇದು ಮೇಲೆಂಬುದನ್ನು ಒಪ್ಪುತ್ತೇನೆ. ಆದರೆ ಹೊಲದ ವಾಲ್ವನ್ನು ಪೂರ್ತಿ ತೆರೆದು ನೀರು ಬಂತೆಂದು ಹಿಗ್ಗಿದ ಹಾಗಾಯಿತು ಇದು. ಗ್ರಿಡ್ಡು ತನ್ನ ಸ್ಥಾನದಿಂದ ಅಲುಗಿದೆಯೇ, ಅದರ ಹಿಡಿತದಲ್ಲಿ ಪ್ರವಾಹ ಇದೆಯೇ ಎಂಬುದನ್ನು ಆ ಮುಳ್ಳು ಹೇಳುವುದೇ ಇಲ್ಲ. ಗ್ರಿಡ್ಡೇ ವಾಲ್ವಿನ ಪ್ರಾಣ. ಪರೀಕ್ಷೆಗೆ ಮೊದಲೇ ಅದರ ಕೈ ಕಟ್ಟಿಹಾಕಿ ‘ಪರೀಕ್ಷಿಸಲಾಗಿದೆ’ ಎನ್ನುವುದು ಯಾವ ನ್ಯಾಯ? ಅಮೆರಿಕದ ಹಿಕಾಕ್, ಬ್ರಿಟನ್ನಿನ ಆವೋ ಕಂಪನಿಗಳು ಪರಸ್ಪರ ವಾಹಕತೆಯನ್ನೇ ತೋರಿಸುವ ಯಂತ್ರಗಳನ್ನು ಮಾಡಿದ್ದು ಈ ಕೊರತೆಯನ್ನು ಬಲ್ಲದ್ದರಿಂದಲೇ.

ಆ ಯಂತ್ರಗಳು ನಮ್ಮಂಥವರ ಕೈಗೆ ಎಟುಕುವವಲ್ಲ. ಆದ್ದರಿಂದ ನಿವೃತ್ತಿಯ ನಂತರ ನಾನೇ ಒಂದನ್ನು ಕಟ್ಟಿದೆ. ಕಟ್ಟಿದ ಬಗೆಯನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ‘ಇದೆಲ್ಲ ದೊಡ್ಡ ಪ್ರಯೋಗಶಾಲೆಯ ಕೆಲಸ’ ಎಂಬ ನೆಪ ಇನ್ನು ಮುಂದೆ ನಡೆಯಬಾರದು.

ಬೇಕಾದ ವಿದ್ಯುತ್ ಮೂಲಗಳು ಮೂರು. ಹೀಟರಿಗೆ ಸ್ಥಿರವಾದ 6.3 ವೋಲ್ಟ್. ಆನೋಡಿಗೆ ಸ್ಥಿರವಾದ 250 ವೋಲ್ಟ್. ಇದಕ್ಕೆ ಹಳೆಯ ರೇಡಿಯೋ ಒಂದರ ಟ್ರಾನ್ಸ್‌ಫಾರ್ಮರು, ಡಯೋಡುಗಳು, ಫಿಲ್ಟರ್ ಕೆಪಾಸಿಟರು, ಜೀನರ್ ಡಯೋಡುಗಳ ಸಾಲು, ಹೆಚ್ಚು ವೋಲ್ಟೇಜು ತಾಳುವ ಒಂದು ಮಾಸ್‌ಫೆಟ್. ಗ್ರಿಡ್ಡಿಗೆ ಎರಡು 9 ವೋಲ್ಟಿನ ಬ್ಯಾಟರಿಗಳು ಮತ್ತು 10 ಕಿಲೋಓಮಿನ ಒಂದು ಪೊಟೆನ್ಶಿಯೋಮೀಟರು. ಋಣ ವೋಲ್ಟೇಜಿನಲ್ಲಿರುವ ಗ್ರಿಡ್ಡು ಪ್ರವಾಹವನ್ನೇ ಎಳೆಯುವುದಿಲ್ಲವಾದ್ದರಿಂದ ಬ್ಯಾಟರಿ ಧಾರಾಳವಾಗಿ ಸಾಕು.

ಆನೋಡಿನ ಪ್ರವಾಹವನ್ನು ಅಳೆಯಲು 10 ಓಮಿನ ಒಂದು ನಿಖರ ರೋಧಕ. ಅದರ ಎರಡು ತುದಿಗಳಿಗೆ ಸಂತೆಯಲ್ಲಿ ಸಿಗುವ ಅಗ್ಗದ ಡಿಜಿಟಲ್ ಮೀಟರನ್ನು 200 ಮಿಲಿವೋಲ್ಟ್ ವ್ಯಾಪ್ತಿಯಲ್ಲಿ ಜೋಡಿಸಿದರೆ 1 ಮಿಲಿಆಂಪಿಯರಿಗೆ 10 ಮಿಲಿವೋಲ್ಟ್ ತೋರಿಸುತ್ತದೆ. ಇಸಿಸಿ82ನ್ನು ಚುಚ್ಚಿ, ಐದು ನಿಮಿಷ ಕಾಯಲು ಬಿಟ್ಟು, ಗ್ರಿಡ್ಡನ್ನು ಋಣ 8 ವೋಲ್ಟಿಗೆ ಇಟ್ಟು ಓದಿಕೊಳ್ಳಿರಿ. ನಂತರ ಋಣ 9 ವೋಲ್ಟಿಗೆ ಇಟ್ಟು ಓದಿಕೊಳ್ಳಿರಿ. ಪುಸ್ತಕದಲ್ಲಿ ಹೇಳಿದಂತಿರುವ ವಾಲ್ವಿನಲ್ಲಿ ಮೊದಲನೆಯದು ಸುಮಾರು 116 ಮಿಲಿವೋಲ್ಟ್, ಎರಡನೆಯದು ಸುಮಾರು 94. ವ್ಯತ್ಯಾಸ 22, ಅಂದರೆ 2.2 ಮಿಲಿಆಂಪಿಯರ್. ಗ್ರಿಡ್ಡು ಬದಲಾದದ್ದು ಸರಿಯಾಗಿ ಒಂದು ವೋಲ್ಟ್. ಉತ್ತರ ಕೈಗೆ ಬಂತು. ಕಳೆಯುವ ಲೆಕ್ಕ ಬಲ್ಲ ಮಗುವೂ ಮಾಡಬಹುದಾದ ಕೆಲಸ.

ಸರ್ಕೀಟು ಸುಲಭ, ಪ್ರಾಮಾಣಿಕವಾದ ಅಳತೆ ಮಾತ್ರ ಅಷ್ಟು ಸುಲಭವಲ್ಲ. ನಾನು ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ.

ಮೊದಲ ತಪ್ಪು, ಆನೋಡಿನ ವೋಲ್ಟೇಜನ್ನು ಸ್ಥಿರಗೊಳಿಸದೆ ಅಳೆದದ್ದು. ನಮ್ಮ ಊರಿನ ವಿದ್ಯುತ್ತಿನ ಗುಣ ನಿಮಗೆ ಗೊತ್ತೇ ಇದೆ. ಹೊಲಗಳ ಪಂಪುಗಳು ಒಮ್ಮೆಲೆ ಚಾಲೂ ಆದರೆ ಮನೆಯ ದೀಪ ಕುಗ್ಗುತ್ತದೆ. ಇಸಿಸಿ82ರ ಆನೋಡ್ ರೋಧ ಸುಮಾರು 7,700 ಓಮ್. ನನ್ನ ಎರಡು ಓದುಗಳ ನಡುವೆ ಆನೋಡಿನ ವೋಲ್ಟೇಜು ಕೇವಲ 10 ವೋಲ್ಟ್ ಕುಸಿದರೂ ಪ್ರವಾಹ ಅದರಿಂದಲೇ 1.3 ಮಿಲಿಆಂಪಿಯರ್ ಇಳಿಯುತ್ತದೆ. ನಾನು ಅಳೆಯಬೇಕಾದ ವ್ಯತ್ಯಾಸವೇ 2.2! ಅರ್ಧಕ್ಕಿಂತ ಹೆಚ್ಚಿನ ತಪ್ಪು ಪಂಪಿನದು, ನಾನು ವಾಲ್ವನ್ನು ಹೊಗಳುತ್ತಲೋ ತೆಗಳುತ್ತಲೋ ಕುಳಿತಿರುತ್ತೇನೆ. ವ್ಯಾಖ್ಯೆಯಲ್ಲಿ ‘ಆನೋಡಿನ ವೋಲ್ಟೇಜು ಸ್ಥಿರವಾಗಿರುವಾಗ’ ಎಂಬ ಮಾತನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಆ ಮೂರು ಪದಗಳ ತೂಕ ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ.

ಎರಡನೆಯ ತಪ್ಪು, 10 ಓಮಿನ ರೋಧಕವನ್ನು ಕ್ಯಾಥೋಡಿಗೂ ಗ್ರಿಡ್ ಬ್ಯಾಟರಿಯ ಧನ ತುದಿಗೂ ನಡುವೆ ಇಟ್ಟದ್ದು. ಆಗ ಪ್ರವಾಹ ಹೆಚ್ಚಿದಂತೆ ಕ್ಯಾಥೋಡು ತಾನೂ ಸ್ವಲ್ಪ ಮೇಲೇರಿ ಗ್ರಿಡ್ಡಿನ ಬದಲಾವಣೆಯನ್ನು ಒಂದಿಷ್ಟು ನುಂಗಿಹಾಕುತ್ತದೆ. ಫಲಿತಾಂಶ ಸುಮಾರು ಶೇಕಡಾ 2ರಷ್ಟು ಕಡಿಮೆ ಬರುತ್ತಿತ್ತು. ಗ್ರಿಡ್ ಬ್ಯಾಟರಿಯನ್ನು ನೇರವಾಗಿ ಕ್ಯಾಥೋಡಿಗೇ ಜೋಡಿಸಿ, ರೋಧಕವನ್ನು ಆನೋಡ್ ಮೂಲದ ಋಣ ತುದಿಗೂ ಕ್ಯಾಥೋಡಿಗೂ ನಡುವೆ ಕೂಡಿಸಿದ ಮೇಲೆ ಆ ದೋಷ ಹೋಯಿತು. ಮೀಟರು 250 ವೋಲ್ಟಿನ ತುದಿಯಿಂದ ದೂರವೇ ಉಳಿದದ್ದರಿಂದ ಕೈಗೂ ಕ್ಷೇಮ. ಇಎಲ್84ರಂಥ ಪೆಂಟೋಡಾದರೆ ಸ್ಕ್ರೀನ್ ಗ್ರಿಡ್ಡಿಗೆ ಬೇರೆಯದೇ ಮೂಲ ಕೊಡಬೇಕು. ಇಲ್ಲವಾದರೆ ಸ್ಕ್ರೀನಿನ ಪ್ರವಾಹವೂ ಅದೇ ರೋಧಕದಲ್ಲಿ ಹರಿದು ಲೆಕ್ಕ ಕೆಡುತ್ತದೆ.

ಮೂರನೆಯದು ತಪ್ಪೆನ್ನುವುದಕ್ಕಿಂತ ಮಾಯೆ ಎನ್ನಬೇಕು. ಒಂದು ಇಎಲ್84 ಇದ್ದಕ್ಕಿದ್ದಂತೆ ಅಂಕೆಯಿಲ್ಲದ ಅಂಕಿಗಳನ್ನು ತೋರಿಸತೊಡಗಿತು. ಉದ್ದನೆಯ ತಂತಿಗಳಿಂದಾಗಿ ವಾಲ್ವು ತನ್ನಷ್ಟಕ್ಕೆ ತಾನೇ ಅತಿ ಹೆಚ್ಚಿನ ಕಂಪನಾಂಕದಲ್ಲಿ ಆಂದೋಲನಗೊಳ್ಳುತ್ತಿತ್ತು. ಪರಸ್ಪರ ವಾಹಕತೆ ಹೆಚ್ಚಿದಷ್ಟೂ ಈ ಚಪಲ ಹೆಚ್ಚು. ಗ್ರಿಡ್ಡಿನ ಪಿನ್ನಿಗೆ ತಾಗಿಯೇ ಒಂದು ಕಿಲೋಓಮಿನ ರೋಧಕವನ್ನು ಬೆಸೆದು ತಂತಿಗಳನ್ನು ಮೋಟು ಮಾಡಿದ ಮೇಲೆ ಶಾಂತವಾಯಿತು.

ಇನ್ನೊಂದು ಮಾತು. ನನ್ನ ಮೀಟರಿನ ಪ್ರತಿ ಓದಿನಲ್ಲಿಯೂ ಅರ್ಧ ಮಿಲಿವೋಲ್ಟಿನಷ್ಟು ಸಂಶಯ ಇದ್ದೇ ಇರುತ್ತದೆ. ಎರಡು ಓದುಗಳನ್ನು ಕಳೆದಾಗ ಸಂಶಯಗಳು ಕಳೆಯುವುದಿಲ್ಲ, ಕೂಡುತ್ತವೆ. 22ರಲ್ಲಿ ಒಂದು, ಅಂದರೆ ಹತ್ತಿರಹತ್ತಿರ ಶೇಕಡಾ 5. ಆದ್ದರಿಂದ ನಾನು 2.1 ಎಂದು ಬರೆಯುತ್ತೇನೆ, 2.137 ಎಂದು ಬರೆಯುವುದಿಲ್ಲ. ಅಂಕಿಯ ಹಿಂದೆ ಅಂಕಿ ಪೋಣಿಸಿ ಜ್ಞಾನವನ್ನು ನಟಿಸುವುದು ಕೂಡ ಸುಳ್ಳಿನ ಒಂದು ಬಗೆ.

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ.

‘250 ವೋಲ್ಟು ಅಪಾಯಕಾರಿ, ಮಕ್ಕಳ ಕೈಗೆ ಕೊಡಬಾರದು’ ಎನ್ನುವವರಿದ್ದಾರೆ. ಅಪಾಯ ಇದೆ, ಅದನ್ನು ಹಗುರಾಗಿ ಕಾಣಬಾರದು. 100 ಮೈಕ್ರೋಫ್ಯಾರಡಿನ ಕೆಪಾಸಿಟರು 250 ವೋಲ್ಟಿಗೆ ತುಂಬಿಕೊಂಡರೆ ಅದರಲ್ಲಿ 3 ಜೌಲಿಗಿಂತ ಹೆಚ್ಚು ಶಕ್ತಿ ಇರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಇರುತ್ತದೆ. ಅದಕ್ಕಾಗಿಯೇ ಅದರ ಎರಡು ತುದಿಗಳಿಗೆ 100 ಕಿಲೋಓಮ್, 2 ವ್ಯಾಟಿನ ರೋಧಕವನ್ನು ಶಾಶ್ವತವಾಗಿ ಬೆಸೆಯಬೇಕು. ಆರಿಸಿದ ಐವತ್ತು ಸೆಕೆಂಡಿಗೆ ಕೆಪಾಸಿಟರಿನಲ್ಲಿ 2 ವೋಲ್ಟೂ ಉಳಿಯುವುದಿಲ್ಲ. ಟ್ರಾನ್ಸ್‌ಫಾರ್ಮರಿಲ್ಲದೆ ಗೋಡೆಯ ವಿದ್ಯುತ್ತನ್ನು ನೇರವಾಗಿ ಎಳೆಯಬಾರದು. ಒಂದು ಕೈ ಬೆನ್ನ ಹಿಂದೆ ಇರಬೇಕು, ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು, ಪೆಟ್ಟಿಗೆಯ ಮುಚ್ಚಳ ತೆರೆದಿರುವಾಗ ಮಕ್ಕಳು ದೂರ ಇರಬೇಕು. ಹೀಗೆ ಹೇಳಿಕೊಡುವುದೇ ಶಿಕ್ಷಣ. ಅಪಾಯದ ಹೆಸರಿನಲ್ಲಿ ಬೀರುವಿಗೆ ಬೀಗ ಹಾಕಿ ಚಿತ್ರ ಬಿಡಿಸಿ ಅಂಕ ಕೊಡುವುದು ಶಿಕ್ಷಣವಲ್ಲ.

‘ವಾಲ್ವಿನ ಕಾಲ ಮುಗಿಯಿತಲ್ಲ’ ಎನ್ನುವವರು ಹೆಚ್ಚು. ನಿಜ. ನಮ್ಮ ನಾಡಿನಲ್ಲೇ ಅದಕ್ಕೆ ಒಳ್ಳೆಯ ಸಾಕ್ಷಿಯಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತು. ಮರುವರ್ಷ, 1962ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳನ್ನೂ ಮಾಡತೊಡಗಿತು. ವಾಲ್ವಿನ ತೊಟ್ಟಿಲು ಕಟ್ಟಿದ ಮನೆಯಲ್ಲಿಯೇ ವರ್ಷ ತುಂಬುವುದರೊಳಗೆ ಅದರ ಉತ್ತರಾಧಿಕಾರಿಯೂ ಹುಟ್ಟಿದ. ಪದವಿಪೂರ್ವ ಪಠ್ಯದಿಂದ ಟ್ರಯೋಡಿನ ಪಾಠ ಮಾಯವಾದದ್ದಕ್ಕೆ ನಾನು ಅಳುತ್ತ ಕೂಡುವವನಲ್ಲ. ಆದರೆ ಪರಸ್ಪರ ವಾಹಕತೆ ವಾಲ್ವಿನೊಡನೆ ಸಾಯಲಿಲ್ಲ. ನಿಮ್ಮ ಮೊಬೈಲಿನೊಳಗಿನ ಫೀಲ್ಡ್ ಇಫೆಕ್ಟ್ ಟ್ರಾನ್ಸಿಸ್ಟರುಗಳನ್ನು ವಿನ್ಯಾಸ ಮಾಡುವವರೂ ಇದೇ ಪ್ರಮಾಣವನ್ನು, ಇದೇ ಅಕ್ಷರದಿಂದ ಗುರುತಿಸಿ, ದಿನವೂ ಲೆಕ್ಕ ಹಾಕುತ್ತಾರೆ. ವ್ಯತ್ಯಾಸವೆಂದರೆ ಅಲ್ಲಿ ಏನೂ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಗಾಜಿನೊಳಗೆ ಕ್ಯಾಥೋಡು, ಗ್ರಿಡ್ಡು, ಆನೋಡು ಮೂರನ್ನೂ ಬೆರಳು ಮಾಡಿ ತೋರಿಸಬಹುದು.

‘ಸಿದ್ಧ ಯಂತ್ರ ಕೊಂಡರಾಯಿತು’ ಎನ್ನುವುದು ಮೂರನೆಯ ಮಾತು. ನೆದರ್ಲೆಂಡ್ಸಿನ ರೊನಾಲ್ಡ್ ಡೆಕ್ಕರ್ ಎಂಬುವರು ರೂಪಿಸಿದ ಯು-ಟ್ರೇಸರ್ ಎಂಬ ಪುಟ್ಟ ಸಾಧನ ಕಂಪ್ಯೂಟರಿಗೆ ಜೋಡಿಸಿದರೆ ವಾಲ್ವಿನ ರೇಖೆಗಳನ್ನೆಲ್ಲ ತಾನೇ ಬರೆಯುತ್ತದೆ. ಸೊಗಸಾದ ಕೆಲಸ, ಶಕ್ತಿಯಿದ್ದವರು ಅವಶ್ಯ ಕೊಳ್ಳಿರಿ. ಆದರೆ ಒಮ್ಮೆಯಾದರೂ ಕೈಯಿಂದ ಎರಡು ಓದುಗಳನ್ನು ಬರೆದುಕೊಂಡು ಕಳೆದು ನೋಡದವನಿಗೆ ಆ ರೇಖೆಯೂ ಇನ್ನೊಂದು ‘ಉತ್ತಮ’ ಚೀಟಿಯೇ.

ಇಷ್ಟು ಹೊತ್ತು ಬೇರೆಯವರ ತಪ್ಪು ಹೇಳಿದೆ. ಈಗ ನನ್ನದು.

ಪದವಿ ತರಗತಿಯಲ್ಲಿ ನಮಗೆ ಟ್ರಯೋಡಿನ ಪ್ರಯೋಗ ಇತ್ತು. ರೇಖೆಗಳನ್ನು ಎಳೆದು ಪರಸ್ಪರ ವಾಹಕತೆ, ಆನೋಡ್ ರೋಧ, ಪ್ರವರ್ಧನಾಂಕ ಮೂರನ್ನೂ ಕಂಡುಹಿಡಿದು, ಮೊದಲೆರಡರ ಗುಣಲಬ್ಧವೇ ಮೂರನೆಯದೆಂದು ತೋರಿಸಬೇಕು. ಇಸಿಸಿ82ಕ್ಕೆ 2.2 ಮಿಲಿಆಂಪಿಯರನ್ನು 7,700 ಓಮಿನಿಂದ ಗುಣಿಸಿದರೆ 17 ಬರುತ್ತದೆ. ನನಗೆ ಪರಸ್ಪರ ವಾಹಕತೆ 1.5 ಬಂತು. ಎರಡು ಸಲ ಮಾಡಿದೆ, ಎರಡು ಸಲವೂ ಅದೇ. ಪ್ರಯೋಗಶಾಲೆಯಲ್ಲಿದ್ದ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು, “ತಮ್ಮಾ, ಉತ್ತರ ಗೊತ್ತೈತಲ್ಲ, ಹಿಂದಿನಿಂದ ಬಾ” ಎಂದರು. ಬಂದೆ. ರಬ್ಬರಿನಿಂದ ಬಿಂದುಗಳನ್ನು ಅಳಿಸಿ ಹೊಸ ಬಿಂದುಗಳನ್ನಿಟ್ಟೆ. 10ಕ್ಕೆ 9 ಅಂಕ ಬಂದವು.

ಈಗ ಯೋಚಿಸಿದರೆ ಆ ವಾಲ್ವು ಎಷ್ಟೋ ವರ್ಷ ವಿದ್ಯಾರ್ಥಿಗಳ ಕೈಯಲ್ಲಿ ಸವೆದದ್ದು. 1.5 ಎಂಬುದೇ ಅದರ ನಿಜವಾದ ಬೆಲೆ ಆಗಿರಬಹುದು. ವಾಲ್ವು ಸತ್ಯ ಹೇಳಿತ್ತು, ನಾನು ಸುಳ್ಳು ಬರೆದೆ.

ಅದು ಅಲ್ಲಿಗೇ ಮುಗಿದಿದ್ದರೆ ಹುಡುಗುತನವೆಂದು ಮರೆಯುತ್ತಿದ್ದೆ. ಬಿ.ಇಡಿ. ಮುಗಿಸಿ ಮಾಸ್ತರನಾದ ಮೇಲೆ ಹತ್ತನೆಯ ತರಗತಿಗೆ ಓಮನ ನಿಯಮದ ಪ್ರಯೋಗ ಮಾಡಿಸುತ್ತಿದ್ದೆ. ತಂತಿಯ ಸುರುಳಿಯ ಮೇಲೆ 10 ಓಮ್ ಎಂದು ಬರೆದಿತ್ತು. ಒಂದು ವರ್ಷ ಎಲ್ಲ ಮಕ್ಕಳೂ 10.0 ಎಂದು ಬರೆದರು, ಒಬ್ಬ ಹುಡುಗಿ ಮಾತ್ರ 11.8 ಎಂದು ಬರೆದಳು. ನಾನು ಉಳಿದವರಿಗೆಲ್ಲ ಪೂರ್ಣ ಅಂಕ ಕೊಟ್ಟು, ಅವಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ‘ಮತ್ತೊಮ್ಮೆ ಮಾಡು’ ಎಂದು ಬರೆದೆ. ಅವಳು ಮಾರನೆಯ ದಿನ 10.0 ಎಂದು ಬರೆದು ತಂದಳು. ನಾನು ಸಹಿ ಮಾಡಿದೆ.

ಆ ಸುರುಳಿಯನ್ನು ನಾನು ಒಮ್ಮೆಯೂ ಅಳೆದು ನೋಡಲಿಲ್ಲ. ಅದು ನಿಜವಾಗಿಯೂ 11.8 ಇತ್ತೋ, ತುಕ್ಕು ಹಿಡಿದ ಪ್ಲಗ್ಗಿನದೇ ದೋಷವೋ, ಇಂದಿಗೂ ನನಗೆ ತಿಳಿಯದು. ತಿಳಿದಿರುವುದು ಇಷ್ಟೇ: ಇಡೀ ತರಗತಿಯಲ್ಲಿ ಅಂದು ಪ್ರಯೋಗ ಮಾಡಿದವಳು ಅವಳೊಬ್ಬಳೇ ಇರಬೇಕು, ಸುಳ್ಳನ್ನು ಕಲಿಸಿದವನು ನಾನು. ಆ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ತಾಯಿ, ಅಂದು ನಿನಗೆ ಕಡಿಮೆ ಮಾಡಿದ ಅಂಕ ನನ್ನ ಲೆಕ್ಕದಲ್ಲಿ ಬಾಕಿಯಿದೆ. ಕ್ಷಮಿಸಬೇಕು.

ಇಂಥ ಸುಳ್ಳಿಗೆ ಯಾರು ಬೆಲೆ ತೆರುತ್ತಾರೆ ಎಂದು ಕೇಳಿದರೆ ನನ್ನ ಬಳಿ ಒಂದು ಬಿಸ್ಕತ್ತಿನ ಡಬ್ಬಿ ಇದೆ.

1972ರ ಬರಗಾಲ. ನಮ್ಮ ಮನೆಯಲ್ಲಿ ಅಪ್ಪ ಯಾರಿಂದಲೋ ಕೊಂಡ ಹಳೆಯ ರೇಡಿಯೋ ಇತ್ತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯೇ ನಮ್ಮ ಭಾಗದ ಕಿವಿ. ಮಳೆಯ ಸುದ್ದಿಗಾಗಿ ಸಂಜೆ ಓಣಿಯ ಜನವೆಲ್ಲ ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು. ಒಂದು ದಿನ ರೇಡಿಯೋ ಗೊರಗೊರ ಎಂದು ಮೂಕವಾಯಿತು. ಅಪ್ಪ ಅದನ್ನು ಚಕ್ಕಡಿಯಲ್ಲಿಟ್ಟುಕೊಂಡು ಪೇಟೆಗೆ ಒಯ್ದರು, ನಾನೂ ಜೊತೆಗಿದ್ದೆ. ರಿಪೇರಿಯವನು ಹಿಂದಿನ ರಟ್ಟು ಬಿಚ್ಚಿ, ಇಣುಕಿ ನೋಡಿ, “ಎರಡು ವಾಲ್ವು ಸತ್ತಾವ್ರೀ ಯಜಮಾನ್ರ, ಬದಲಿ ಮಾಡಬೇಕು” ಎಂದ. ಬಿತ್ತನೆಗೆಂದು ಅವ್ವ ಮುಚ್ಚಿಟ್ಟಿದ್ದ ಜೋಳದಲ್ಲಿ ಎರಡು ಚೀಲ ಆ ವಾರ ಮನೆಯಿಂದ ಹೋಯಿತು. ಸತ್ತ ವಾಲ್ವುಗಳನ್ನು ಅಪ್ಪ ಎಸೆಯಲಿಲ್ಲ. ಬಿಚ್ಚಿದ ಒಂದು ಕಾಗದದ ಕೆಪಾಸಿಟರಿನೊಡನೆ ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಹಾಕಿದರು.

ನನ್ನ ಸರ್ಕೀಟು ಸಿದ್ಧವಾದ ಮೇಲೆ ಮೊದಲು ಇಳಿಸಿದ್ದು ಆ ಡಬ್ಬಿಯನ್ನೇ. ಒಂದು ಇಎಲ್84, ಒಂದು ಇಬಿಎಫ್89. ಇಎಲ್84 ಕೊಟ್ಟದ್ದು 9.6; ಪುಸ್ತಕದ ಬೆಲೆ 11.3. ಇಬಿಎಫ್89 ಕೊಟ್ಟದ್ದು 3.4, ಪುಸ್ತಕದ ಬೆಲೆ 3.8. ಶೇಕಡಾ 85 ಮತ್ತು 89. ಅರ್ಧ ಶತಮಾನ ‘ಸತ್ತು’ ಮಲಗಿದ್ದ ಎರಡೂ ಜೀವಂತವಾಗಿದ್ದವು. ಕೆಪಾಸಿಟರು ಮಾತ್ರ ಸೋರುತ್ತಿತ್ತು. ಇಷ್ಟು ವರ್ಷಗಳ ನಂತರದ ಸೋರಿಕೆ ಅಂದಿನ ದೋಷಕ್ಕೆ ಸಾಕ್ಷಿಯಾಗಲಾರದು, ಅದನ್ನು ಬಲ್ಲೆ. ಅಂದು ವಾಲ್ವಿನೊಳಗೆ ಆಗಾಗ ಕಾಣಿಸಿಕೊಳ್ಳುವ ಬೇರೆ ತೊಂದರೆ ಇದ್ದಿರಲೂಬಹುದು. ಆದರೆ ಕೆಪಾಸಿಟರೊಂದನ್ನು ಬದಲಿಸಿದ್ದರೆ ಸಾಕಾಗುತ್ತಿತ್ತು ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ.

ಆ ರಿಪೇರಿಯವನು ಮೋಸಗಾರನೆಂದು ನಾನು ಹೇಳುತ್ತಿಲ್ಲ. ಅವನ ಬಳಿ ಅಳೆಯುವ ಸಾಧನ ಇರಲಿಲ್ಲ, ಅಳೆಯಬೇಕೆಂದು ಅವನಿಗೆ ಯಾರೂ ಕಲಿಸಿಯೂ ಇರಲಿಲ್ಲ. ಕಲಿಸಬೇಕಾದವರು ನಾವು, ಮಾಸ್ತರರು. ನಾವು ಹಿಂದಿನಿಂದ ಬಂದು ಉತ್ತರ ಕೂಡಿಸುವುದನ್ನು ಕಲಿಸುತ್ತಿದ್ದೆವು. ಬೆಲೆ ತೆತ್ತದ್ದು ಅವ್ವನ ಬಿತ್ತನೆಯ ಜೋಳ.

ಇನ್ನು ಅಳಿಯನ ಪೆಟ್ಟಿಗೆಯ ಮಾತು. ಅಂದೇ ಸಂಜೆ ಇಬ್ಬರೂ ಕುಳಿತು ಅಳೆದೆವು. ಒಂದೊಂದು ಇಸಿಸಿ82ರಲ್ಲಿ ಎರಡೆರಡು ಟ್ರಯೋಡು, ಒಟ್ಟು ಎಂಟು. ಮೊದಲನೆಯದರಲ್ಲಿ 2.1 ಮತ್ತು 2.1. ಎರಡನೆಯದರಲ್ಲಿ 2.0 ಮತ್ತು 1.9. ಮೂರನೆಯದರಲ್ಲಿ ಒಂದು ಭಾಗ 2.1, ಇನ್ನೊಂದು 1.2. ನಾಲ್ಕನೆಯದರಲ್ಲಿ 0.9 ಮತ್ತು 1.0. ನಾಲ್ಕೂ ಒಂದೇ ಬಣ್ಣದಲ್ಲಿ ಕೆಂಪಗೆ ಉರಿಯುತ್ತಿದ್ದವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಪೆನ್ನು ತೆಗೆದು ‘ಉತ್ತಮ’ ಎಂಬುದನ್ನು ಹೊಡೆದುಹಾಕಿ, ಪ್ರತಿ ವಾಲ್ವಿಗೂ ಆನೋಡ್ ವೋಲ್ಟೇಜು, ಗ್ರಿಡ್ ವೋಲ್ಟೇಜು, ಅಳತೆಯ ಬೆಲೆ, ದಿನಾಂಕ ಬರೆದ ಬೇರೆ ಬೇರೆ ಚೀಟಿ ಅಂಟಿಸಿದ.

ನಾನು ಕೇಳುವುದು ಅಷ್ಟನ್ನೇ. ವಾಲ್ವು ಮಾರುವವರೇ, ಅಂಕಿ ಬರೆಯಿರಿ, ಯಾವ ವೋಲ್ಟೇಜಿನಲ್ಲಿ ಅಳೆದಿರೆಂದು ಬರೆಯಿರಿ. ಕೊಳ್ಳುವವರೇ, ಅಂಕಿ ಇಲ್ಲದ ಚೀಟಿಗೆ ಹಣ ಕೊಡಬೇಡಿರಿ. ಶಿಕ್ಷಕ ವೃತ್ತಿಯಲ್ಲಿರುವ ನನ್ನ ವಿದ್ಯಾರ್ಥಿಗಳೇ, ಮಗು 11.8 ಎಂದು ಬರೆದು ತಂದರೆ ಕೆಂಪು ಪೆನ್ನು ಎತ್ತುವ ಮೊದಲು ಎದ್ದು ಹೋಗಿ ಸುರುಳಿಯನ್ನು ನೀವೇ ಒಮ್ಮೆ ಅಳೆಯಿರಿ.

ಅಟ್ಟದ ಮೇಲೆ ಯಾರ ಮನೆಯಲ್ಲಾದರೂ ಹಳೆಯ ರೇಡಿಯೋ ಇದ್ದರೆ ಅದರ ವಾಲ್ವುಗಳನ್ನು ಗುಜರಿಗೆ ಹಾಕಬೇಡಿರಿ. ಮರೋಳಕ್ಕೆ ಬರುವಾಗ ಹತ್ತಿಯಲ್ಲಿ ಸುತ್ತಿ ತನ್ನಿರಿ. ಪಂಪುಗಳು ನಿಂತ ಸಂಜೆಯ ಹೊತ್ತಿನಲ್ಲಿ ಒಟ್ಟಿಗೆ ಕುಳಿತು ಅಳೆಯೋಣ. ಬಂದ ಅಂಕಿಯನ್ನು, ಅದು ಎಷ್ಟೇ ಇರಲಿ, ಇದ್ದ ಹಾಗೆಯೇ ಬರೆಯೋಣ.